ಸ್ಟಿಕ್ಕರ್ ಕಟಿಂಗ್ ಮೆಷಿನ್ ಕೊಳ್ಳುವ ಮುಂಚೆ ಒಂದು ‘ಶ್ರೀ’ ಕತ್ತರಿಸಿ ನೋಡಿ

ದಾವಣಗೆರೆಯಲ್ಲಿ ‘ವಿನೈಲ್ ಕಟ್ಟರ್’ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ‘ರೇಡಿಯಂ ಕಟಿಂಗ್ ಮೆಷಿನ್’ ಅನ್ನಿ, ತಕ್ಷಣ ದಾರಿ ತೋರಿಸುತ್ತಾರೆ. ಈ ಸ್ಟಿಕ್ಕರ್‌ನಲ್ಲಿ ರೇಡಿಯಂ ಅನ್ನುವ ಲೋಹ ಚೂರೂ ಇಲ್ಲ. ಇರುವುದು ಬಣ್ಣದ ಪಿವಿಸಿ ಹಾಳೆ, ಅದರ ಹಿಂದೆ ಗೋಂದು, ಅದರ ಹಿಂದೆ ಮೇಣ ಸವರಿದಂಥ ಕಾಗದ. ಹೆಸರು ಮಾತ್ರ ಅಂಟಿಕೊಂಡುಬಿಟ್ಟಿದೆ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಈ ಹಾಳೆಯಲ್ಲಿ ಬ್ಲೇಡಿನಿಂದ ಕತ್ತರಿಸುವುದೇ ಈ ಮೆಷಿನ್ನಿನ ಕೆಲಸ.

ನಾನು ಮೊದಲ ಮೆಷಿನ್ ಕೊಂಡಾಗ ನೋಡಿದ್ದು ಎರಡೇ. ಒಂದು ಬೆಲೆ. ಇನ್ನೊಂದು, ವಿಡಿಯೊದಲ್ಲಿ ಅದು ಓಡುತ್ತಿದ್ದ ವೇಗ. ಮೊದಲ ದೊಡ್ಡ ಆರ್ಡರ್ ಒಂದು ಟ್ರ್ಯಾಕ್ಟರ್ ಟ್ರೇಲರ್‌ದು. ಹಿಂಬದಿಗೆ ‘ಶ್ರೀ ದುರ್ಗಾಂಬಿಕಾ ಪ್ರಸನ್ನ’ ಅಂತ ಬರಬೇಕು. ಕತ್ತರಿಸಿ, ಬೇಡದ ಭಾಗ ಕೀಳುತ್ತಾ ಬಂದೆ. ‘ಗಾಂ’ ಪಕ್ಕದ ಸೊನ್ನೆ ಮುಚ್ಚಿಯೇ ಇರಲಿಲ್ಲ. ಬ್ಲೇಡು ಶುರುವಾದ ಜಾಗಕ್ಕೆ ವಾಪಸ್ ಬಾರದೆ ಕೂದಲೆಳೆಯಷ್ಟು ಪಕ್ಕ ನಿಂತಿತ್ತು. ಎಳೆದರೆ ಸೊನ್ನೆಯ ಜೊತೆ ಪಕ್ಕದ ಅಕ್ಷರವೂ ಎದ್ದು ಬಂತು. ಮೂರು ಸಲ ಕತ್ತರಿಸಿದೆ. ನಾಲ್ಕನೇ ಸಲ ಕೈಯಲ್ಲೇ ಬ್ಲೇಡ್ ಹಿಡಿದು ಸುತ್ತ ಕೊರೆದೆ. ಟ್ರ್ಯಾಕ್ಟರ್ ಯಜಮಾನರು ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. “ಅಲ್ಲಪ್ಪಾ, ಕೈಯಲ್ಲೇ ಮಾಡೋದಾದ್ರೆ ಪೇಂಟರ್ ಹತ್ರನೇ ಬರೆಸ್ತಿದ್ನಲ್ಲ” ಅಂದರು. ಉತ್ತರ ಹೊಳೆಯಲಿಲ್ಲ.

ಆ ಮೆಷಿನ್ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ನಮ್ಮ ಅಕ್ಷರಕ್ಕೆ ಆಗಿಬರಲಿಲ್ಲ. ಕೊಳ್ಳುವ ಮುಂಚೆ ಅದನ್ನು ನೋಡುವುದು ನನಗೆ ಗೊತ್ತಿರಲಿಲ್ಲ. ಹೊಸದಾಗಿ ಸೈನ್‌ಬೋರ್ಡ್ ಅಂಗಡಿ ಇಡುವವರು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ದಿನ ಊರು ಸುತ್ತಿ

ಮೆಷಿನ್ ಹೆಸರು ಹುಡುಕುವ ಮುಂಚೆ ಕೆಲಸ ಹುಡುಕಿ. ಒಂದು ನೋಟ್‌ಬುಕ್ ಹಿಡಿದು ಪಿ.ಬಿ. ರಸ್ತೆ, ಅಶೋಕ ರಸ್ತೆ, ಮಂಡಿಪೇಟೆ, ಹದಡಿ ರಸ್ತೆ, ಎಪಿಎಂಸಿ ಯಾರ್ಡ್ ಇಷ್ಟು ಸುತ್ತಿ ಬನ್ನಿ. ಕಣ್ಣಿಗೆ ಬಿದ್ದ ಸ್ಟಿಕ್ಕರ್ ಕೆಲಸ ಬರೆದುಕೊಳ್ಳಿ: ಆಟೋ ಹಿಂದಿನ ಹೆಸರು, ಟ್ರೇಲರ್ ಹಲಗೆ, ಶಾಲಾ ಬಸ್ಸಿನ ಪಕ್ಕ, ಕ್ಲಿನಿಕ್‌ನ ಗಾಜಿನ ಬಾಗಿಲು, ಬೆಣ್ಣೆ ದೋಸೆ ಹೋಟೆಲ್‌ನ ರೇಟ್ ಬೋರ್ಡು, ಕಾಲೇಜಿನ ಕೊಠಡಿ ನಂಬರು, ಕಮಿಷನ್ ಮಂಡಿಯ ಹೆಸರು ಫಲಕ. ಪ್ರತಿಯೊಂದರ ಪಕ್ಕ ಅಕ್ಷರ ಎಷ್ಟು ಎತ್ತರ, ಹಾಳೆ ಮಾಮೂಲಿಯದೋ ಹೊಳೆಯುವುದೋ ಅಂತ ಗುರುತು ಹಾಕಿ. ಆ ಪಟ್ಟಿಯೇ ನಿಮಗೆ ಎಂಥ ಮೆಷಿನ್ ಬೇಕು ಅಂತ ಹೇಳುತ್ತದೆ.

ಒಂದು ಕೆಲಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ: ನಂಬರ್ ಪ್ಲೇಟ್. ಒಂದು ಕಾಲದಲ್ಲಿ ಎಷ್ಟೋ ರೇಡಿಯಂ ಅಂಗಡಿಗಳ ಬಾಡಿಗೆ ಅದರಿಂದಲೇ ಹುಟ್ಟುತ್ತಿತ್ತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅಂಕಿ ಉಬ್ಬಿಸಿದ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಯೇ ಕೊಡುತ್ತಾರೆ. ಅದಕ್ಕೂ ಹಳೆಯ ಗಾಡಿಗಳಿಗೂ ಅದೇ ಹಾಕಿಸಬೇಕು ಅಂತ 2023ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವಾಯಿತು. ಸ್ಟಿಕ್ಕರ್ ಅಂಕಿ ಅಂಟಿಸಿ ಕೊಡುವ ಕಾಲ ಮುಗಿಯಿತು. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಆಸೆಯೂ ಬೇಡ. ಅದಕ್ಕೆ 2012ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿತು.

ಇನ್ನೊಂದು ಕಡೆಯಿಂದ ಕೆಲಸ ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾದ ಮೇಲೆ, ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಬೋರ್ಡ್ ಹಾಕಿಕೊಂಡಿದ್ದ ಶೋರೂಮ್‌ನವರು ಈಗ ಕನ್ನಡ ಅಕ್ಷರ ಕೇಳುತ್ತಾರೆ. ಹಾಗಾಗಿ ಮೆಷಿನ್ ಕನ್ನಡವನ್ನು ಚೆನ್ನಾಗಿ ಕತ್ತರಿಸುತ್ತದಾ ಅನ್ನುವುದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತು.

ಅಗಲ: ಎರಡಡಿ ಸಾಕಾ, ನಾಲ್ಕಡಿ ಬೇಕಾ

ಸ್ಟಿಕ್ಕರ್ ರೋಲು ಮುಖ್ಯವಾಗಿ ಎರಡು ಅಗಲದಲ್ಲಿ ಸಿಗುತ್ತದೆ. 24 ಇಂಚು, 48 ಇಂಚು. ಮೆಷಿನ್‌ಗಳೂ ಅದಕ್ಕೆ ತಕ್ಕ ಹಾಗೆ ಇವೆ. ಇಲ್ಲಿ ಒಂದು ಕಣ್ಕಟ್ಟು ಇದೆ. ಮೆಷಿನ್ ಮೇಲೆ ‘720’ ಅಂತ ಬರೆದಿರುತ್ತದೆ. ಅದು ಹಾಳೆ ತೂರುವ ಅಗಲ. ಬ್ಲೇಡು ಓಡಾಡಿ ಕತ್ತರಿಸುವ ಅಗಲ ಅದಕ್ಕಿಂತ ಕಡಿಮೆ, 630 ಮಿ.ಮೀ. ಆಸುಪಾಸು. ಕೇಳಬೇಕಾದ್ದು ಈ ಎರಡನೇ ಅಂಕಿ.

ಹೊಸಬರು “ಬೋರ್ಡು ಆರಡಿ ಇದೆ, ಎರಡಡಿ ಮೆಷಿನ್ ಸಾಲಲ್ಲ” ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹೆಸರು ರೋಲಿನ ಉದ್ದಕ್ಕೆ ಓಡುತ್ತದೆ. ಎರಡಡಿಯ ಮಿತಿ ಇರುವುದು ಅಕ್ಷರದ ಎತ್ತರಕ್ಕೆ ಮಾತ್ರ. ಎರಡಡಿಗಿಂತ ಎತ್ತರದ ಅಕ್ಷರ ಎಷ್ಟು ಸಲ ಬರೆಯುತ್ತೀರಿ? ನಿಮ್ಮ ನೋಟ್‌ಬುಕ್ ನೋಡಿ. ನನ್ನದರಲ್ಲಿ ತಿಂಗಳಿಗೆ ಒಂದೋ ಎರಡೋ. ಅಂಥವನ್ನು ಎರಡು ತುಂಡು ಮಾಡಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಬಹುದು.

ನಾಲ್ಕಡಿ ಮೆಷಿನ್ ಬೇಕಾಗುವುದು ಗಾಜಿನ ಪಾರ್ಟಿಷನ್‌ಗೆ ಆಚೆ ಕಾಣದಂತೆ ಮಸುಕು ಮಾಡುವ ಫ್ರಾಸ್ಟೆಡ್ ಫಿಲ್ಮ್ ಹಾಕುವ ಕೆಲಸ ಜಾಸ್ತಿ ಇದ್ದರೆ, ಇಲ್ಲವೇ ಬಸ್ಸು-ಲಾರಿ ಮೈ ತುಂಬಾ ಕೆಲಸ ಹಿಡಿದರೆ. ಅದಕ್ಕೆ ಅಂಗಡಿಯಲ್ಲಿ ಜಾಗವೂ ಬೇಕು. ಹತ್ತಡಿ ಅಗಲದ ಮಳಿಗೆಯಲ್ಲಿ ಅದನ್ನಿಟ್ಟರೆ ಗಿರಾಕಿ ಹೊರಗೆ ನಿಲ್ಲಬೇಕು.

ಇನ್ನು 12 ಇಂಚಿನ ಪುಟ್ಟ ಕ್ರಾಫ್ಟ್ ಮೆಷಿನ್‌ಗಳಿವೆ, ಸಿಲೂಯೆಟ್ ಕ್ಯಾಮಿಯೊ, ಕ್ರಿಕಟ್ ಥರದವು. ಟೀ ಶರ್ಟ್, ಮಗ್, ಹುಟ್ಟುಹಬ್ಬದ ಅಲಂಕಾರ ಮಾಡುವ ಮನೆ ಉದ್ಯೋಗಕ್ಕೆ ಚೆಂದ. ಬೋರ್ಡ್ ಅಂಗಡಿಗೆ ಬೇಡ. ನನ್ನ ಮಾತು: 24 ಇಂಚಿನಿಂದ ಶುರು ಮಾಡಿ.

ಮೋಟರ್, ಒತ್ತಡ, ಮತ್ತೆ ಆ ವೇಗದ ಅಂಕಿ

ಎರಡು ಥರದ ಮೋಟರ್ ಇವೆ. ಸ್ಟೆಪ್ಪರ್ ಮೋಟರ್ ಹೇಳಿದಷ್ಟು ಹೆಜ್ಜೆ ಹಾಕುತ್ತದೆ, ನಿಜವಾಗಿ ಅಲ್ಲಿಗೆ ತಲುಪಿದೆನಾ ಅಂತ ತಿರುಗಿ ನೋಡುವುದಿಲ್ಲ. ಸರ್ವೋ ಮೋಟರ್ ತಾನು ಎಲ್ಲಿದ್ದೇನೆ ಅಂತ ಗಮನಿಸುತ್ತಲೇ ಓಡುತ್ತದೆ. ತಪ್ಪಿದರೆ ಅಲ್ಲೇ ತಿದ್ದಿಕೊಳ್ಳುತ್ತದೆ. ಅಗ್ಗದ ಮೆಷಿನ್ ಬಹುತೇಕ ಸ್ಟೆಪ್ಪರ್. ಕಿರ್ರೋ ಅಂತ ಸದ್ದು, ಸಣ್ಣ ಸುತ್ತಿನಲ್ಲಿ ಗರಗಸದ ಹಲ್ಲಿನಂಥ ಅಂಚು. ರೋಲ್ಯಾಂಡ್, ಗ್ರಾಫ್‌ಟೆಕ್ ಥರದ ಜಪಾನಿ ಮೆಷಿನ್‌ಗಳು ಸರ್ವೋ. ಈಗ ಚೀನಾದಿಂದ ಬರುವ ಕೆಲವು ಮಾಡೆಲ್‌ಗಳಲ್ಲೂ ಸರ್ವೋ ಇದೆ. ಆದ್ದರಿಂದ ದೇಶ ನೋಡಬೇಡಿ, ಮೋಟರ್ ಯಾವುದು ಅಂತ ಕೇಳಿ.

ಒತ್ತಡವನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಮಾಮೂಲಿ ಸ್ಟಿಕ್ಕರ್‌ಗೆ 80ರಿಂದ 120 ಗ್ರಾಂ ಸಾಕು. ಹೊಳೆಯುವ ರಿಫ್ಲೆಕ್ಟಿವ್ ಹಾಳೆ ದಪ್ಪ, ಅದಕ್ಕೆ ಇನ್ನೂ ಒತ್ತಬೇಕು. ರೋಲ್ಯಾಂಡ್‌ನ ಜಿಎಸ್-24 ಮಾಡೆಲ್ 350 ಗ್ರಾಂವರೆಗೆ, ಗ್ರಾಫ್‌ಟೆಕ್‌ನ ಸಿಇ 7000-60 ಮಾಡೆಲ್ 450 ಗ್ರಾಂವರೆಗೆ ಒತ್ತುತ್ತವೆ. ಕೆಲವು ಅಗ್ಗದ ಮೆಷಿನ್‌ಗಳ ಮೇಲೆ 500 ಅಂತ ಬರೆದಿರುತ್ತದೆ. ಬರೆದದ್ದನ್ನು ನಂಬಬೇಡಿ, ಒಂದು ತುಂಡು ರಿಫ್ಲೆಕ್ಟಿವ್ ಹಾಳೆ ಜೇಬಲ್ಲಿಟ್ಟುಕೊಂಡು ಹೋಗಿ, ಕತ್ತರಿಸಿ ತೋರಿಸಿ ಅನ್ನಿ.

ವೇಗದ ಅಂಕಿ? ಬಿಟ್ಟುಬಿಡಿ. ಸೆಕೆಂಡಿಗೆ 800 ಮಿ.ಮೀ. ಓಡುವ ಮೆಷಿನ್ ಇಟ್ಟುಕೊಂಡರೂ ಒತ್ತಕ್ಷರ ಇರುವ ಸಾಲನ್ನು ನೀವು 100, 150ರಲ್ಲೇ ಓಡಿಸುತ್ತೀರಿ. ಸಮಯ ತಿನ್ನುವುದು ಕತ್ತರಿಸುವುದಲ್ಲ, ಆಮೇಲೆ ಕೂತು ಕೀಳುವುದು.

ಡೆಮೊ: ನಿಮ್ಮ ಪೆನ್‌ಡ್ರೈವ್, ನಿಮ್ಮ ಅಕ್ಷರ

ಇದು ಮುಖ್ಯ. ಸಾವಧಾನವಾಗಿ ಓದಿ.

ಮೆಷಿನ್ ಮಾರುವವರು ಡೆಮೊಗೆ ಅಂತ ಒಂದು ಫೈಲ್ ಇಟ್ಟುಕೊಂಡಿರುತ್ತಾರೆ. ಹದ್ದು, ಚಿಟ್ಟೆ, ಇಲ್ಲವೇ ದಪ್ಪ ದಪ್ಪ ಇಂಗ್ಲಿಷ್ ಅಕ್ಷರ. ಇಂಗ್ಲಿಷ್‌ನ ಎಚ್, ಇ, ಎಲ್ ಎಲ್ಲ ನೆಟ್ಟಗಿನ ಗೆರೆ. ಎಂಥ ಮೆಷಿನ್ನೂ ಕತ್ತರಿಸುತ್ತದೆ. ಕನ್ನಡದಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ ಹೇಳಿ? ಪೂರಾ ಸುತ್ತು, ಸುಳಿ, ಕೊಂಬು, ಅದರ ಕೆಳಗೆ ಒತ್ತು.

ಬ್ಲೇಡು ಹೇಗೆ ತಿರುಗುತ್ತದೆ ಅಂತ ಗೊತ್ತಾದರೆ ಇದು ಯಾಕೆ ಕಷ್ಟ ಅನ್ನುವುದು ತಿಳಿಯುತ್ತದೆ. ಬ್ಲೇಡಿನ ತುದಿ ಹೋಲ್ಡರ್‌ನ ಸರಿಮಧ್ಯಕ್ಕೆ ಇರುವುದಿಲ್ಲ, ಸುಮಾರು ಕಾಲು ಮಿ.ಮೀ. ಪಕ್ಕಕ್ಕೆ ಇರುತ್ತದೆ. ತಳ್ಳುಗಾಡಿಯ ಮುಂದಿನ ಚಕ್ರ ಎಳೆದ ಕಡೆಗೆ ತಿರುಗಿಕೊಳ್ಳುತ್ತದಲ್ಲ, ಹಾಗೆ ಬ್ಲೇಡು ಹಿಂದೆ ಎಳೆಸಿಕೊಂಡು ತಿರುಗುತ್ತದೆ. ಈ ಕಾಲು ಮಿ.ಮೀ.ಗೆ ಆಫ್‌ಸೆಟ್ ಅನ್ನುತ್ತಾರೆ. ಮೆಷಿನ್ ಅದನ್ನು ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು. ಲೆಕ್ಕ ತಪ್ಪಿದರೆ ಮೂಲೆ ಮೊಂಡಾಗುತ್ತದೆ, ಅಥವಾ ಮೂಲೆಯಲ್ಲಿ ಬಾಲ ಮೂಡುತ್ತದೆ, ಸೊನ್ನೆ ಮುಚ್ಚುವುದಿಲ್ಲ. ನನ್ನ ಟ್ರ್ಯಾಕ್ಟರ್ ಕಥೆ ಅದೇ.

ಹಾಗಾಗಿ ಮನೆಯಲ್ಲೇ ಒಂದು ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನನ್ನ ಫೈಲಿನಲ್ಲಿ ‘ಶ್ರೀ ಲಕ್ಷ್ಮೀ ರಂಗನಾಥ ಸ್ಟೋರ್ಸ್’ ಅಂತ ಇದೆ. ಇದರಲ್ಲಿ ಎಲ್ಲ ತೊಂದರೆಯೂ ಇದೆ: ‘ಶ್ರೀ’ಯ ಸುಳಿ, ‘ಕ್ಷ್ಮೀ’ಯ ಎರಡು ಒತ್ತು, ‘ರಂ’ನ ಸೊನ್ನೆ, ‘ಥ’ದ ಹೊಟ್ಟೆಯೊಳಗಿನ ಚುಕ್ಕೆ. ಅದೇ ಸಾಲನ್ನು ಮೂರು ಸಲ ಇಟ್ಟಿದ್ದೇನೆ, ಅಕ್ಷರದ ಎತ್ತರ 100, 40, 15 ಮಿ.ಮೀ. ಇದನ್ನು ಕತ್ತರಿಸಿ ಕೊಡಿ ಅನ್ನಿ. ಕತ್ತರಿಸಿದ ಮೇಲೆ ನೋಡುವುದಲ್ಲ, ನೀವೇ ಕೂತು ಕಿತ್ತು ನೋಡಬೇಕು. ಚಿಮಟ ಹಿಡಿದು ಸೊನ್ನೆಯ ನಡುವಿನ ಬೊಟ್ಟನ್ನು ಎತ್ತಿ. ಪಟ್ಟನೆ ಬಿಡುಗಡೆಯಾಗಿ ಬಂದರೆ ಸರಿ. ದಾರದಂತೆ ಒಂದು ಎಳೆ ಹಿಡಿದುಕೊಂಡರೆ ಸುತ್ತು ಮುಚ್ಚಿಲ್ಲ. ಆಫ್‌ಸೆಟ್ ಬದಲಿಸಿ ಇನ್ನೊಮ್ಮೆ ಮಾಡಿ ಅನ್ನಿ. ಎರಡನೇ ಸಲವೂ ಅದೇ ಕಥೆಯಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ. 15 ಮಿ.ಮೀ. ಸಾಲಿನಲ್ಲಿ ಒಂದೆರಡು ಒತ್ತು ಹೋದರೆ ಬೇಜಾರಾಗಬೇಡಿ, ಅದು ಒಳ್ಳೆಯ ಮೆಷಿನ್‌ಗೂ ಕಷ್ಟ. 40ರಲ್ಲಿ ಮಾತ್ರ ಒಂದೂ ಹೋಗಬಾರದು.

ಹಿಂದಿನ ಕಾಗದವನ್ನೂ ತಿರುಗಿಸಿ ನೋಡಿ. ಬ್ಲೇಡು ಸ್ಟಿಕ್ಕರ್ ಕತ್ತರಿಸಿ, ಕಾಗದದ ಮೇಲೆ ಬರೀ ಗೀರು ಬಿಟ್ಟಿರಬೇಕು. ನಮ್ಮವರು ಹಾಫ್ ಕಟ್ ಅನ್ನುವುದು ಇದಕ್ಕೇ. ಎಡತುದಿಯಲ್ಲಿ ಗೀರು ಸರಿಯಾಗಿದ್ದು ಬಲತುದಿಯಲ್ಲಿ ಕಾಗದವೇ ತೂತಾಗಿದ್ದರೆ, ಬ್ಲೇಡು ಓಡಾಡುವ ಹಾದಿ ಮಟ್ಟವಾಗಿಲ್ಲ ಅಂತ ಅರ್ಥ. ಆದ್ದರಿಂದ ಒಂದೇ ಸಾಲನ್ನು ಎರಡೂ ತುದಿಯಲ್ಲಿ ಕತ್ತರಿಸಿಸಿ.

ಇನ್ನೊಂದು ಪರೀಕ್ಷೆ ಟ್ರ್ಯಾಕಿಂಗ್‌ದು, ಅಂದರೆ ಹಾಳೆ ಓರೆಯಾಗದೆ ನೆಟ್ಟಗೆ ಓಡುತ್ತದಾ ಅನ್ನುವುದು. ಬ್ಲೇಡ್ ತೆಗೆದು ಅದರ ಜಾಗಕ್ಕೆ ಪೆನ್ನು ಹಾಕಿಸಿ. ಮೂರು ಮೀಟರ್ ಉದ್ದದ ಒಂದು ಚೌಕಟ್ಟನ್ನು ಒಂದೇ ಜಾಗದಲ್ಲಿ ನಾಲ್ಕು ಸಲ ಬರೆಯಲಿ. ನಾಲ್ಕೂ ಗೆರೆ ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಕಂಡರೆ ರೋಲರ್‌ಗಳು ಹಾಳೆಯನ್ನು ಬಿಗಿಯಾಗಿ ಹಿಡಿದಿವೆ. ಗೆರೆಗಳು ಬೀಸಣಿಗೆಯಂತೆ ಹರಡಿದರೆ, ನಾಳೆ ಬಸ್ಸಿನ ಉದ್ದ ಸಾಲಿನಲ್ಲಿ ಹಾಳೆ ಓರೆಯಾಗಿ ಹೋಗುವುದು ಗ್ಯಾರಂಟಿ. ಮಾರುವವರು “ಸಾರ್, ಹಾಳೆ ಸರಿಯಾಗಿ ಹಾಕಿಲ್ಲ” ಅನ್ನಬಹುದು. ಸರಿ, ನೀವೇ ಹಾಕಿ ಅನ್ನಿ. ಹಾಳೆ ಹಾಕುವುದು ಅವರ ಕೈಗೇ ಕಷ್ಟವಾದರೆ ಹೊಸಬರ ಕೈಗೆ ಬಗ್ಗುತ್ತದಾ?

ಪ್ರಿಂಟ್ ಮಾಡಿದ ಸ್ಟಿಕ್ಕರ್‌ನ ಸುತ್ತ ಕತ್ತರಿಸುವ ಕೆಲಸಕ್ಕೆ ಕಾಂಟೂರ್ ಕಟಿಂಗ್ ಅನ್ನುತ್ತಾರೆ. ಊರಲ್ಲಿ ಪ್ರಿಂಟ್ ಮಾಡಿಕೊಡುವವರು ಇದ್ದಾರೆ. ಪ್ರಿಂಟ್ ಅಲ್ಲಿ, ಕಟಿಂಗ್ ನಿಮ್ಮಲ್ಲಿ ಅಂದರೆ ಒಳ್ಳೆಯ ದಾರಿ. ಎಲ್ಲಿ ಕತ್ತರಿಸಬೇಕು ಅಂತ ತಿಳಿಯಲು ಪ್ರಿಂಟ್ ಜೊತೆಗೇ ಹಾಕಿದ ಗುರುತುಗಳನ್ನು ಮೆಷಿನ್ ತಾನೇ ಓದಬೇಕು, ಅದಕ್ಕೆ ಆಪ್ಟಿಕಲ್ ಸೆನ್ಸರ್ ಇರಬೇಕು. ಬರೀ ಕೆಂಪು ಲೇಸರ್ ಚುಕ್ಕೆ ಇದ್ದರೆ ಪ್ರತಿ ಗುರುತಿಗೂ ನೀವೇ ಕಣ್ಣಿಟ್ಟು ಸರಿಸುತ್ತಾ ಕೂರಬೇಕು. ನೂರು ಸ್ಟಿಕ್ಕರ್ ಆರ್ಡರ್ ಬಂದ ದಿನ ಕಣ್ಣೇ ಹೋಗುತ್ತದೆ.

ಸಾಫ್ಟ್‌ವೇರ್ ಮತ್ತು ನುಡಿ ಫಾಂಟಿನ ತಂಟೆ

ನಮ್ಮಲ್ಲಿ ಬೋರ್ಡ್ ಕೆಲಸ ಅಂದರೆ ಡಿಸೈನ್‌ಗೆ ಕೋರೆಲ್ ಡ್ರಾ, ಕನ್ನಡ ಬರೆಯಲು ನುಡಿ ಫಾಂಟ್. ಹಳೆಯ ಕೋರೆಲ್‌ನಲ್ಲಿ ಯೂನಿಕೋಡ್ ಕನ್ನಡ (ಮೊಬೈಲಿನಲ್ಲಿ ಬರೆಯುವಂಥದ್ದು) ಒಡೆದು ಬೀಳುತ್ತಿತ್ತು, ಅದಕ್ಕೇ ಎಲ್ಲರೂ ನುಡಿಗೆ ಅಂಟಿಕೊಂಡರು. ಹಳೆ ನುಡಿ ಫಾಂಟಿನಲ್ಲಿ ಅಕ್ಷರ ಒಂದೇ ತುಂಡಲ್ಲ. ಮೂಲ ಅಕ್ಷರ ಒಂದು, ದೀರ್ಘ ಒಂದು, ಒತ್ತು ಒಂದು. ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಪರದೆ ಮೇಲೆ ಗೊತ್ತಾಗುವುದಿಲ್ಲ, ಪ್ರಿಂಟ್‌ನಲ್ಲೂ ಗೊತ್ತಾಗುವುದಿಲ್ಲ. ಕಟಿಂಗ್ ಮೆಷಿನ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ನಿಯತ್ತಾಗಿ ಕತ್ತರಿಸುತ್ತದೆ. ಅಕ್ಷರದ ನಡುವೆಯೇ ಸೀಳು ಬೀಳುತ್ತದೆ.

ಮದ್ದು ಸುಲಭ. ಬರೆದ ಮೇಲೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಲು ಕರ್ವ್ ಮಾಡಿ (ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ), ಆಮೇಲೆ ಎಲ್ಲ ತುಂಡು ಆರಿಸಿ, ಅವು ಒಂದಾಗಲು ವೆಲ್ಡ್ ಒತ್ತಿ. ಔಟ್‌ಲೈನ್ ನೋಟಕ್ಕೆ ಹೋಗಿ ಒಳಗೆ ಅಡ್ಡಗೆರೆ ಉಳಿದಿದೆಯಾ ನೋಡಿ. ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್‌ನಲ್ಲೂ ಇದೇ ಕೆಲಸ ‘ಯೂನಿಯನ್’ ಹೆಸರಲ್ಲಿ ಆಗುತ್ತದೆ. ಅಲ್ಲಿ ಯೂನಿಕೋಡ್ ಕನ್ನಡ ನೆಟ್ಟಗೆ ಮೂಡುತ್ತದೆ.

ಮೆಷಿನ್ ಜೊತೆ ಯಾವ ಸಾಫ್ಟ್‌ವೇರ್ ಕೊಡುತ್ತಾರೆ ಅಂತ ಕೇಳಿ. ಹಳೆ ವಿಂಡೋಸ್‌ನಲ್ಲಿ ಮಾತ್ರ ಓಡುವ, ಸಿಡಿ ಹಾಕಿದರೆ ಮಾತ್ರ ತೆರೆಯುವ ಸಾಫ್ಟ್‌ವೇರ್ ಕೊಟ್ಟರೆ ಬೇಡ ಅನ್ನಿ. ಡೆಮೊಗೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. ನಿಮ್ಮ ಲ್ಯಾಪ್‌ಟಾಪಿಗೆ ಡ್ರೈವರ್ ಹಾಕಿ, ಅದರಿಂದಲೇ ಕತ್ತರಿಸಿ ತೋರಿಸಲಿ.

ಕೆಟ್ಟರೆ ಯಾರು ಬರುತ್ತಾರೆ

ನನ್ನ ಮೊದಲ ಮೆಷಿನ್‌ನ ಮೇನ್‌ಬೋರ್ಡ್ ಹೋದಾಗ ಮಾರಿದವರು ಫೋನ್ ಎತ್ತಿದರು, ಅದಕ್ಕೆ ಮೆಚ್ಚಬೇಕು. “ಕೊರಿಯರ್‌ನಲ್ಲಿ ಕಳಿಸಿ” ಅಂದರು. ಮದುವೆ ಸೀಸನ್ ಪೂರ್ತಿ ಮೆಷಿನ್ ಇಲ್ಲದೆ ಕೂತೆ. ಬಂದ ಆರ್ಡರ್ ಎಲ್ಲ ಪಕ್ಕದ ಅಂಗಡಿಗೆ ಕೊಟ್ಟು ಕತ್ತರಿಸಿಸಿದೆ. ಲಾಭ ಅವರಿಗೆ, ಬೈಗುಳ ನನಗೆ.

ಕೊಳ್ಳುವ ಮುಂಚೆ ಕೇಳಿ: ಮೆಕ್ಯಾನಿಕ್ ಎಲ್ಲಿಂದ ಬರುತ್ತಾರೆ, ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ? ಬಂದುಹೋಗುವ ಖರ್ಚು ಯಾರದು? ಬ್ಲೇಡ್ ಹೋಲ್ಡರ್, ಹಾಳೆ ಒತ್ತಿ ಹಿಡಿಯುವ ಪಿಂಚ್ ರೋಲರ್, ಬ್ಲೇಡಿನ ಕೆಳಗಿನ ಬಿಳಿ ಪಟ್ಟಿ, ಮೇನ್‌ಬೋರ್ಡ್ ಇವುಗಳ ಬೆಲೆ ಬರೆದುಕೊಡುತ್ತಾರಾ? ಇದಕ್ಕಿಂತ ಒಳ್ಳೆಯ ಉಪಾಯ, ಅದೇ ಮಾಡೆಲ್ ಇಟ್ಟುಕೊಂಡಿರುವ ಅಂಗಡಿ ಹುಡುಕಿ ಹೋಗಿ ಮಾತಾಡಿಸುವುದು. ಹರಿಹರ, ಚಿತ್ರದುರ್ಗದ ಕಡೆ ಹೋಗಿ. ಅವರು ನಿಮ್ಮನ್ನು ಪೈಪೋಟಿಗೆ ಬಂದವರು ಅಂದುಕೊಳ್ಳುವುದಿಲ್ಲ, ಅದಕ್ಕೇ ಬಾಯಿ ಬಿಡುತ್ತಾರೆ.

ದುಡ್ಡಿನ ಲೆಕ್ಕ

ಉದಾಹರಣೆಗೆ ಮೆಷಿನ್ 60 ಸಾವಿರ ಅಂದುಕೊಳ್ಳಿ. ವರ್ಷದಲ್ಲಿ ಅಸಲು ಬರಬೇಕು, ತಿಂಗಳಿಗೆ 25 ದಿನ ಕೆಲಸ. ದಿನಕ್ಕೆ 200 ರೂಪಾಯಿ ಮೆಷಿನ್‌ಗೆ ಅಂತಲೇ ಎತ್ತಿಡಬೇಕು. ಒಂದು ಲಕ್ಷ 80 ಸಾವಿರದ ಮೆಷಿನ್ ಆದರೆ ದಿನಕ್ಕೆ 600. ಹಾಳೆ, ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದ ಮೇಲೆ ಇಷ್ಟು ಉಳಿಯುತ್ತದಾ ಅಂತ ನಿಮ್ಮ ನೋಟ್‌ಬುಕ್ ಕೇಳಿ. ಬೆಲೆ ಹೇಳುವಾಗ ಶೇ 18 ಜಿಎಸ್‌ಟಿ ಸೇರಿದೆಯಾ ಅಂತ ಕೇಳಲು ಮರೆಯಬೇಡಿ.

ಸಾಲ ಬೇಕಾದರೆ ಮುದ್ರಾ ಯೋಜನೆ ಇದೆ. 50 ಸಾವಿರದವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ. ಬ್ಯಾಂಕಿಗೆ ಜಿಎಸ್‌ಟಿ ಇರುವ ಕೊಟೇಶನ್ ಬೇಕು, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಬೇಕು. ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ. ಸುಮ್ನೆ ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಕೈಯಲ್ಲಿರುವ ದುಡ್ಡನ್ನೆಲ್ಲ ಮೆಷಿನ್‌ಗೇ ಹಾಕಬೇಡಿ. ಐದಾರು ಬಣ್ಣದ ರೋಲು, ಕತ್ತರಿಸಿದ ಅಕ್ಷರ ಎತ್ತಿ ಅಂಟಿಸುವ ಟ್ರಾನ್ಸ್‌ಫರ್ ಟೇಪ್, ಅದನ್ನು ಉಜ್ಜುವ ಸ್ಕ್ವೀಜಿ, ಚಿಮಟ, ಒಂದು ಡಜನ್ ಬ್ಲೇಡ್, ಒಂದು ಯುಪಿಎಸ್ ಕೊಳ್ಳುವುದಿದೆ. ಬ್ಲೇಡ್‌ನಲ್ಲಿ ಮಾಮೂಲಿ ಹಾಳೆಗೆ 45 ಡಿಗ್ರಿ, ದಪ್ಪ ರಿಫ್ಲೆಕ್ಟಿವ್‌ಗೆ 60 ಡಿಗ್ರಿ. ಯುಪಿಎಸ್ ಯಾಕೆ ಅಂದರೆ, ಅರ್ಧ ಕತ್ತರಿಸಿದಾಗ ಕರೆಂಟ್ ಹೋದರೆ ಮೆಷಿನ್ ತಾನೆಲ್ಲಿದ್ದೆ ಅನ್ನುವುದನ್ನೇ ಮರೆಯುತ್ತದೆ. ಅಷ್ಟೂ ಹಾಳೆ ದಂಡ.

ಮೆಷಿನ್ ಬಂದ ದಿನ

ಗೋಡೆಗೆ ಆನಿಸಿ ಇಡಬೇಡಿ. ಹಾಳೆ ಹಿಂದೆಯೂ ಮುಂದೆಯೂ ಓಡಾಡುತ್ತದೆ, ಹಿಂದೆ ಎರಡಡಿ ಜಾಗ ಬಿಡಿ. ಸೀಲಿಂಗ್ ಫ್ಯಾನ್ ನೇರ ಕೆಳಗೂ ಬೇಡ. ಗಾಳಿಗೆ ಹಾಳೆ ಎದ್ದರೆ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಸರಿಯಿದೆಯಾ ನೋಡಿಸಿ. ಬೇಸಿಗೆಯ ಒಣ ಹವೆಗೆ ಹಾಳೆ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯುಎಸ್‌ಬಿ ನಡುವೆ ನಡುವೆ ಕೈಕೊಡುತ್ತದೆ. ನಾನು ಎರಡು ಕೇಬಲ್ ಬದಲಿಸಿದ ಮೇಲೆ ಗೊತ್ತಾಯಿತು, ತಪ್ಪು ಕೇಬಲ್‌ದಲ್ಲ, ಗೋಡೆಯ ಸಾಕೆಟ್‌ದು.

ಬ್ಲೇಡನ್ನು ಹೋಲ್ಡರ್‌ನಿಂದ ಕಂಡೂ ಕಾಣದಷ್ಟು ಮಾತ್ರ ಹೊರಗೆ ಬಿಡಿ. ಹೋಲ್ಡರನ್ನು ಕೈಯಲ್ಲೇ ಹಿಡಿದು ಸ್ಟಿಕ್ಕರ್ ಮೇಲೆ ಗೀರಿ ನೋಡಿ. ಹಾಳೆ ಕತ್ತರಿಸಿ ಕಾಗದಕ್ಕೆ ಬರೀ ಗೀರು ಬಿದ್ದರೆ ಉದ್ದ ಸರಿ. ಆಮೇಲೆ ಒತ್ತಡವನ್ನು 80ರಿಂದ ಶುರು ಮಾಡಿ ಹತ್ತು ಹತ್ತೇ ಏರಿಸಿ. ಯಾವ ಹಾಳೆಗೆ ಎಷ್ಟು ಒತ್ತಡ, ಎಷ್ಟು ವೇಗ ಅಂತ ಮೆಷಿನ್ ಪಕ್ಕದ ಗೋಡೆ ಮೇಲೆ ಬರೆದಿಡಿ. ನನ್ನ ಗೋಡೆಯಲ್ಲಿ ಮೊದಲ ಸಾಲು ಇನ್ನೂ ಇದೆ: ‘ಕೆಂಪು ರಿಫ್ಲೆಕ್ಟಿವ್, 60 ಡಿಗ್ರಿ, 190 ಗ್ರಾಂ, ನಿಧಾನ’. ಅದರ ಕೆಳಗೆ ಹುಡುಗ ಪೆನ್ಸಿಲ್‌ನಲ್ಲಿ ಸೇರಿಸಿದ್ದಾನೆ, ‘ಇನ್ನೂ ನಿಧಾನ’.